ಕುಬಿಲಿಯಸ್: ಕಡಿತದ ಪ್ರಧಾನಿ, ಹಡಗಿನ ಪ್ರಧಾನಿ

ಆಂಡ್ರಿಯಸ್ ಕುಬಿಲಿಯಸ್ ಎರಡು ಸಲ ಲಿಥುವೇನಿಯಾದ ಪ್ರಧಾನಿಯಾದರು. ಎರಡು ಸಲವೂ ದೇಶದ ಆರ್ಥಿಕತೆ ನೆಲ ಕಚ್ಚಿದ್ದಾಗಲೇ ಕುರ್ಚಿ ಅವರ ಪಾಲಿಗೆ ಬಂತು. ಎರಡು ಸಲವೂ ಮತದಾರರು ಅವರನ್ನು ಮನೆಗೆ ಕಳಿಸಿದರು. ಎರಡನೇ ಅವಧಿಯಲ್ಲಿ ಅವರು ಮಾಡಿದ ವೆಚ್ಚ ಕಡಿತ ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಅವರ ರಾಜಕೀಯ ಬದುಕನ್ನು ಅದೊಂದರಿಂದಲೇ ಅಳೆದರೆ ಅನ್ಯಾಯವಾಗುತ್ತದೆ. ಹಣಕಾಸಿನಲ್ಲಿ ಅವರು ಕೈಗೊಂಡ ಕ್ರಮಗಳು ಬಹುಪಾಲು ಅನಿವಾರ್ಯವಾಗಿದ್ದವು, ಜಾರಿಗೆ ತಂದ ರೀತಿ ಮಾತ್ರ ನಿರ್ದಯವಾಗಿತ್ತು. ಬಾಳಿ ಉಳಿದ ಕೆಲಸ ಇಂಧನ ಕ್ಷೇತ್ರದ್ದು.

1956ರಲ್ಲಿ ವಿಲ್ನಿಯಸ್‌ನಲ್ಲಿ ಹುಟ್ಟಿದ ಕುಬಿಲಿಯಸ್ ಓದಿದ್ದು ಭೌತಶಾಸ್ತ್ರ. ಸೋವಿಯತ್ ಹಿಡಿತದಿಂದ ದೇಶವನ್ನು ಬಿಡಿಸಿದ 'ಸಾಯೂದಿಸ್' ಚಳವಳಿ ಅವರನ್ನು ರಾಜಕೀಯಕ್ಕೆ ಎಳೆದು ತಂದಿತು. 1992ರಲ್ಲಿ ಸಂಸತ್ತು 'ಸೇಮಾಸ್' ಪ್ರವೇಶಿಸಿದರು. ಮೊದಲ ಸಲ ಪ್ರಧಾನಿಯಾದದ್ದು 1999ರ ನವೆಂಬರ್‌ನಲ್ಲಿ. ಮಜೇಯ್ಕೇಯ್ ತೈಲ ಶುದ್ಧೀಕರಣ ಘಟಕವನ್ನು ಅಮೆರಿಕದ ವಿಲಿಯಮ್ಸ್ ಕಂಪನಿಗೆ ಕೊಡುವ ಒಪ್ಪಂದವನ್ನು ವಿರೋಧಿಸಿ ಹಿಂದಿನ ಪ್ರಧಾನಿ ರೋಲಾಂಡಸ್ ಪಕ್ಸಸ್ ರಾಜೀನಾಮೆ ಕೊಟ್ಟಿದ್ದರು. ರಷ್ಯಾದ 1998ರ ಆರ್ಥಿಕ ಕುಸಿತದ ಹೊಡೆತವೂ ಬಿದ್ದಿತ್ತು. ಒಂದು ವರ್ಷದೊಳಗೆ ಚುನಾವಣೆ ಬಂತು. 141 ಸ್ಥಾನಗಳ ಸಂಸತ್ತಿನಲ್ಲಿ ಅವರ 'ಹೋಮ್‌ಲ್ಯಾಂಡ್ ಯೂನಿಯನ್' ಪಕ್ಷಕ್ಕೆ ದಕ್ಕಿದ್ದು ಬರೀ 9. ಪಕ್ಷ ಮುಗಿದೇಹೋಯಿತು ಎಂಬಂತಿದ್ದ ಆ ಸ್ಥಿತಿಯಿಂದ ಅದನ್ನು ಮತ್ತೆ ಕಟ್ಟಿ, 2008ರಲ್ಲಿ ಅಧಿಕಾರಕ್ಕೆ ತಂದವರೂ ಅವರೇ.

ಬಂದ ಗಳಿಗೆ ಮಾತ್ರ ಕೆಟ್ಟದ್ದು. ಜಾಗತಿಕ ಹಣಕಾಸು ಬಿಕ್ಕಟ್ಟು ಬಾಲ್ಟಿಕ್ ದೇಶಗಳ ಸಾಲದ ಗುಳ್ಳೆಯನ್ನು ಒಡೆದಿತ್ತು. 2009ರಲ್ಲಿ ಲಿಥುವೇನಿಯಾದ ಜಿಡಿಪಿ ಶೇ 14ಕ್ಕೂ ಹೆಚ್ಚು ಕುಗ್ಗಿತು. ಪಕ್ಕದ ಲಾಟ್ವಿಯಾ ಐಎಂಎಫ್ ಮತ್ತು ಯುರೋಪಿಯನ್ ಒಕ್ಕೂಟದ ಮುಂದೆ ಕೈಯೊಡ್ಡಿತು. ಕುಬಿಲಿಯಸ್ ಒಡ್ಡಲಿಲ್ಲ. ಯುರೋಗೆ ಕಟ್ಟಿಹಾಕಿದ್ದ ಲಿಟಾಸ್ ನಾಣ್ಯದ ಬೆಲೆ ಇಳಿಸಲೂ ಒಪ್ಪಲಿಲ್ಲ. ಹಾಗಾದ ಮೇಲೆ ಉಳಿದ ದಾರಿ ಒಂದೇ: ಸಂಬಳ ಇಳಿಸಬೇಕು, ತೆರಿಗೆ ಏರಿಸಬೇಕು, ಮಾರುಕಟ್ಟೆಯಲ್ಲಿ ಸಿಕ್ಕ ಬಡ್ಡಿಗೆ ಸಾಲ ಎತ್ತಬೇಕು. 2009ರಲ್ಲಿ ಆ ಬಡ್ಡಿ ಶೇ 9 ದಾಟಿತ್ತು. ಐಎಂಎಫ್ ಷರತ್ತುಗಳಿಂದ ದೂರ ಉಳಿದ ಸ್ವಾಭಿಮಾನಕ್ಕೆ ತೆತ್ತ ಬೆಲೆ ಅದು, ಮತ್ತು ಆ ಬೆಲೆ ತೆತ್ತವರು ಮಂತ್ರಿಗಳಲ್ಲ, ಸಾಮಾನ್ಯ ಜನ.

ಕೆಲಸ ಶುರುವಾದ ಬಗೆ ನೋಡಿ. ಪ್ರಧಾನಿಯಾಗಿ ಕೆಲವೇ ದಿನಗಳಾಗಿದ್ದವು. 2008ರ ಡಿಸೆಂಬರ್‌ನಲ್ಲಿ ತೆರಿಗೆ ಕಾನೂನುಗಳ ದೊಡ್ಡ ಕಂತೆಯೊಂದನ್ನು ಸಂಸತ್ತು ರಾತ್ರೋರಾತ್ರಿ ಅಂಗೀಕರಿಸಿತು. ಜನ ಅದನ್ನು 'ರಾತ್ರಿ ಸುಧಾರಣೆ' ಎಂದೇ ಕರೆದರು. ಹೊಸ ವರ್ಷ ಹುಟ್ಟುವಷ್ಟರಲ್ಲಿ ವ್ಯಾಟ್ ಏರಿತ್ತು, ವಿನಾಯಿತಿಗಳು ಹೋಗಿದ್ದವು, ಲೇಖಕರ, ಕಲಾವಿದರ ಗೌರವಧನಕ್ಕೂ ಸಾಮಾಜಿಕ ವಿಮೆಯ ಕಂತು ಅಂಟಿಕೊಂಡಿತ್ತು. ಕಾರ್ಮಿಕ ಸಂಘಗಳೊಂದಿಗೆ ಕೂತು ಮಾತಾಡುವುದಕ್ಕೆ, ಅಂಗಡಿಯವರು ಲೆಕ್ಕ ಬದಲಿಸಿಕೊಳ್ಳುವುದಕ್ಕೆ ಪುರುಸೊತ್ತೇ ಕೊಡಲಿಲ್ಲ. 2009ರ ಜನವರಿ 16ರಂದು ಸಾವಿರಾರು ಜನ ಸೇಮಾಸ್ ಎದುರು ಸೇರಿದರು. ಮೊದಲು ಘೋಷಣೆ, ಆಮೇಲೆ ಹಿಮದ ಉಂಡೆ, ಮೊಟ್ಟೆ, ಕೊನೆಗೆ ಕಲ್ಲು. ಕಿಟಕಿ ಗಾಜುಗಳು ಒಡೆದವು. ಪೊಲೀಸರು ಅಶ್ರುವಾಯು ಸಿಡಿಸಿ ರಬ್ಬರ್ ಗುಂಡು ಹಾರಿಸಿದರು. 1991ರ ಜನವರಿಯಲ್ಲಿ ಸೋವಿಯತ್ ಟ್ಯಾಂಕುಗಳಿಂದ ರಕ್ಷಿಸಲು ಜನ ಹಗಲಿರುಳು ಸುತ್ತುವರಿದು ನಿಂತಿದ್ದ ಕಟ್ಟಡವದು. ಸಾಯೂದಿಸ್‌ನಿಂದ ಬಂದ ಪ್ರಧಾನಿಯ ಕಾಲದಲ್ಲೇ ಹೀಗಾದದ್ದು ಚಳವಳಿಯ ಗೆಳೆಯರನ್ನೂ ನೋಯಿಸಿರಬೇಕು.

ಕಡಿತ ನಿಲ್ಲಲಿಲ್ಲ. ಅದೇ ವರ್ಷ ವ್ಯಾಟ್ ಶೇ 21ಕ್ಕೆ ಹೋಯಿತು. 2010ರಿಂದ ಎರಡು ವರ್ಷ ಪಿಂಚಣಿಗೂ ಕತ್ತರಿ ಬಿತ್ತು; ದುಡಿಯುತ್ತಲೇ ಪಿಂಚಣಿ ಪಡೆಯುತ್ತಿದ್ದ ವೃದ್ಧರಿಗೆ ಹೆಚ್ಚಿನ ಪೆಟ್ಟು. ಕಡಿತ ತಾತ್ಕಾಲಿಕವಾಗಿರಬೇಕು, ನಷ್ಟ ತುಂಬಿಕೊಡಬೇಕು ಎಂದು ಸಾಂವಿಧಾನಿಕ ನ್ಯಾಯಾಲಯ ಹೇಳಿತು. ಆ ಬಾಕಿ ತೀರಿದ್ದು ಮುಂದಿನ ಸರ್ಕಾರದ ಕಾಲದಲ್ಲಿ. ಪಿಂಚಣಿಯ ಈ ಕಡಿತವನ್ನು ನಾವು ಕ್ಷಮಿಸಲಾರೆವು. ಬ್ಯಾಂಕುಗಳ ಹುಚ್ಚು ಸಾಲಕ್ಕೂ ಆ ಮುದುಕರಿಗೂ ಸಂಬಂಧವೇ ಇರಲಿಲ್ಲ. 2010ರ ಒಂದೇ ವರ್ಷದಲ್ಲಿ 80 ಸಾವಿರಕ್ಕೂ ಹೆಚ್ಚು ಮಂದಿ ದೇಶ ಬಿಟ್ಟಿದ್ದಾಗಿ ದಾಖಲಿಸಿದರು. ಆರೋಗ್ಯ ವಿಮೆಯ ಹೊಸ ನಿಯಮದಿಂದಾಗಿ, ಮೊದಲೇ ಹೋಗಿದ್ದವರೂ ಆ ವರ್ಷ ಹೆಸರು ಬರೆಸಿದರು ಎಂಬುದು ನಿಜ. ಆದರೂ ಸುಮಾರು 30 ಲಕ್ಷ ಜನರ ದೇಶಕ್ಕೆ ಅದು ಸಣ್ಣ ನಷ್ಟವಲ್ಲ.

ಇನ್ನೊಂದು ಬದಿಯೂ ಇದೆ. 2011ರ ಹೊತ್ತಿಗೆ ಆರ್ಥಿಕತೆ ಮತ್ತೆ ಚೇತರಿಸಿಕೊಂಡು ವೇಗವಾಗಿ ಬೆಳೆಯಿತು, ಲಿಟಾಸ್ ಬೆಲೆ ಕಳೆದುಕೊಳ್ಳಲಿಲ್ಲ, 2015ರಲ್ಲಿ ದೇಶ ಯುರೋ ವಲಯ ಸೇರಿತು. ಸರ್ಕಾರಗಳು ಅರ್ಧದಲ್ಲೇ ಉರುಳುತ್ತಿದ್ದ ನಾಡಿನಲ್ಲಿ ಟಿವಿ ಮನರಂಜನೆಯಿಂದ ಬಂದ ಹೊಸ ಪಕ್ಷವೊಂದನ್ನೂ ಜೊತೆಗಿಟ್ಟುಕೊಂಡು ಕುಬಿಲಿಯಸ್ ನಾಲ್ಕು ವರ್ಷ ಪೂರೈಸಿದರು. ಅವರ ಸರ್ಕಾರದಲ್ಲಿ 2009ರಲ್ಲಿ ಹಣಕಾಸು ಖಾತೆ ವಹಿಸಿಕೊಂಡ ಇಂಗ್ರಿಡಾ ಶಿಮೊನೀಟೆ ಮುಂದೆ 2020ರಲ್ಲಿ ತಾವೇ ಪ್ರಧಾನಿಯಾದರು.

ಇನ್ನು ಇಂಧನದ ಮಾತು. ಯುರೋಪಿಯನ್ ಒಕ್ಕೂಟ ಸೇರುವಾಗ ಕೊಟ್ಟ ಮಾತಿನಂತೆ, ಚೆರ್ನೋಬಿಲ್ ಮಾದರಿಯ ಇಗ್ನಲಿನಾ ಅಣುಸ್ಥಾವರವನ್ನು 2009ರ ಡಿಸೆಂಬರ್ 31ರಂದು ಮುಚ್ಚಬೇಕಾಯಿತು. ದೇಶದ ಬಹುಪಾಲು ವಿದ್ಯುತ್ ಅಲ್ಲಿಂದಲೇ ಬರುತ್ತಿತ್ತು. ಅನಿಲವೋ, ಆಗ ಪೂರ್ತಿ ರಷ್ಯಾದ ಗಾಜ್‌ಪ್ರಾಮ್‌ನದು, ಬೆಲಾರಸ್ ಮೂಲಕ ಬರುವ ಕೊಳವೆಯದು. ಅನಿಲ ಮಾರುವ ಕಂಪನಿಯ ಕೈಯಲ್ಲೇ ಸಾಗಣೆ ಕೊಳವೆಯೂ ಇರಕೂಡದು ಎಂದು ಕುಬಿಲಿಯಸ್ ಸರ್ಕಾರ ಪಟ್ಟು ಹಿಡಿಯಿತು. ಆಗ ಲಿಥುವೇನಿಯಾದ ಅನಿಲ ಕಂಪನಿಯಲ್ಲಿ ಗಾಜ್‌ಪ್ರಾಮ್ ದೊಡ್ಡ ಪಾಲುದಾರನಾಗಿತ್ತು. ದುಬಾರಿ ದರ ಹಾಕಿದ್ದಕ್ಕೆ 2012ರಲ್ಲಿ ಸರ್ಕಾರ ಅದನ್ನು ಸ್ಟಾಕ್‌ಹೋಮ್ ಮಧ್ಯಸ್ಥಿಕೆ ನ್ಯಾಯಮಂಡಳಿಗೂ ಎಳೆಯಿತು. ಅದೇ ವರ್ಷ, ದ್ರವೀಕೃತ ಅನಿಲವನ್ನು ಇಳಿಸಿಕೊಂಡು ಮತ್ತೆ ಅನಿಲವಾಗಿಸುವ ತೇಲು ಹಡಗಿಗಾಗಿ ನಾರ್ವೆಯ ಹ್ಯೋಗ್ ಕಂಪನಿಯೊಂದಿಗೆ ಗುತ್ತಿಗೆ ಆಯಿತು. ಪಿಂಚಣಿಗೇ ದುಡ್ಡಿಲ್ಲದಾಗ ಹಡಗು ಯಾಕೆ ಎಂದು ಕೇಳಬಹುದಾಗಿತ್ತು; ಉತ್ತರ ಆಮೇಲೆ ಸಿಕ್ಕಿತು. ದಕ್ಷಿಣ ಕೊರಿಯಾದಲ್ಲಿ ಕಟ್ಟಿದ 'ಇಂಡಿಪೆಂಡೆನ್ಸ್' ಎಂಬ ಆ ಹಡಗು 2014ರ ಅಕ್ಟೋಬರ್ 27ರಂದು ಕ್ಲೈಪೆಡಾ ಬಂದರಿಗೆ ಬಂದಾಗ ಕುಬಿಲಿಯಸ್ ವಿರೋಧ ಪಕ್ಷದಲ್ಲಿದ್ದರು. ಹಡಗು ಬರುವ ಮೊದಲೇ ಗಾಜ್‌ಪ್ರಾಮ್ ಬೆಲೆ ಇಳಿಸಿತ್ತು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದಲ್ಲಿ ದಾಳಿ ಮಾಡಿದಾಗ, ಜರ್ಮನಿಯಂಥ ದೇಶ ಅನಿಲಕ್ಕಾಗಿ ತಡಕಾಡುತ್ತಿದ್ದರೆ, ಲಿಥುವೇನಿಯಾ ಏಪ್ರಿಲ್‌ನಲ್ಲೇ ರಷ್ಯಾದ ಅನಿಲ ಸಾಕು ಎಂದಿತು.

ಇಂಧನದಲ್ಲೂ ಅವರಿಗೆ ಸೋಲಾಗದೆ ಇರಲಿಲ್ಲ. ಇಗ್ನಲಿನಾ ಪಕ್ಕದಲ್ಲೇ ಜಪಾನಿನ ಹಿಟಾಚಿ ಜೊತೆ ಹೊಸ ಅಣುಸ್ಥಾವರ ಕಟ್ಟುವ ಯೋಜನೆಯನ್ನು 2012ರ ಜನಮತ ಗಣನೆಯಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ತಿರಸ್ಕರಿಸಿದರು. ಅದರ ಜೊತೆಗೇ ನಡೆದ ಚುನಾವಣೆಯಲ್ಲಿ ಸರ್ಕಾರವೂ ಹೋಯಿತು. ಅಲ್ಲೂ ಕಾಡಿದ್ದು ಅದೇ ಕೊರತೆ: ಲೆಕ್ಕ ಸರಿಯಿದ್ದರೆ ಸಾಕು, ಜನ ಒಪ್ಪಿಯೇ ಒಪ್ಪುತ್ತಾರೆ ಎಂಬ ನಂಬಿಕೆ.

2019ರಲ್ಲಿ ಯುರೋಪಿಯನ್ ಸಂಸತ್ತಿಗೆ ಹೋದ ಕುಬಿಲಿಯಸ್, 2024ರ ಡಿಸೆಂಬರ್‌ನಿಂದ ಯುರೋಪಿಯನ್ ಒಕ್ಕೂಟದ ಮೊದಲ ರಕ್ಷಣಾ ಆಯುಕ್ತರು. ಬಾಹ್ಯಾಕಾಶವೂ ಅವರದೇ ಖಾತೆ. ರಷ್ಯಾದ ಬೆದರಿಕೆಯನ್ನು ಹತ್ತಿರದಿಂದ ಬಲ್ಲವರು ಬೇಕಾಗಿದ್ದ ಜಾಗಕ್ಕೆ ತಕ್ಕ ಆಯ್ಕೆ. ಆದರೆ ಅವರ ಕೈಕೆಳಗೆ ಸೈನ್ಯವಿಲ್ಲ, ಶಸ್ತ್ರ ಖರೀದಿಯ ಕೊನೆಯ ಮಾತು ಆಯಾ ದೇಶದ ಸರ್ಕಾರದ್ದೇ. ರಾತ್ರಿ ಕಳೆಯುವುದರೊಳಗೆ ಕಾನೂನು ಮಾಡಿಸುವ ದಾರಿ ಅಲ್ಲಿಲ್ಲ. 27 ದೇಶಗಳನ್ನು ಒಂದೊಂದಾಗಿ ಮಾತಾಡಿಸಿ, ಕಾದು ಒಪ್ಪಿಸಬೇಕು. 2008ರ ಡಿಸೆಂಬರ್‌ನಲ್ಲಿ ತಮ್ಮ ಜನರೊಂದಿಗೆ ಅವರು ಮಾಡದೆ ಬಿಟ್ಟ ಕೆಲಸವೇ ಈಗ ಅವರ ಹುದ್ದೆ.