ಉತಾರದಲ್ಲಿ ಹೆಸರಿಲ್ಲದವರಿಂದ ಹೊಲ ಕೊಳ್ಳಬಹುದೇ?

ಮುಂಡಗೋಡ ತಾಲ್ಲೂಕಿನ ಅತ್ತಿವೇರಿಗೆ ಹುಬ್ಬಳ್ಳಿಯಿಂದ ಕಾರಿನಲ್ಲಿ ಸುಮಾರು ಒಂದು ತಾಸಿನ ದಾರಿ. ಜಲಾಶಯ, ಚಮಚ ಕೊಕ್ಕಿನ ಹಕ್ಕಿಗಳು, ಎರಡು ಚದರ ಕಿಲೊಮೀಟರಿಗಿಂತ ತುಸು ಹೆಚ್ಚಿನ ಪಕ್ಷಿಧಾಮ, ಅದರಾಚೆ ಭತ್ತ, ಹತ್ತಿ, ಗೋವಿನಜೋಳದ ಹೊಲಗಳು. ಹಕ್ಕಿ ನೋಡಲು ಬಂದವರಿಗೆ ಹೊಲ ಕೊಳ್ಳುವ ಆಸೆ ಹುಟ್ಟುತ್ತದೆ. ಹಳಿಯಾಳ, ದಾಂಡೇಲಿ, ಜೋಯಿಡಾದ ಕಡೆ ಕಾಳಿ ನದಿಯ ಹೋಮ್‌ಸ್ಟೇಗಳನ್ನು ನೋಡಿದವರಿಗಂತೂ ಇನ್ನೂ ಹೆಚ್ಚು. ವಿಚಾರಿಸಿದರೆ ಎರಡು ದರ ಕೇಳಿಸುತ್ತವೆ: ಮಾಲ್ಕಿ ಜಮೀನಿಗೆ ಒಂದು, ಬರೀ ಕಬ್ಜಾ ಇರುವ ಜಮೀನಿಗೆ ಇನ್ನೊಂದು. ಎರಡನೆಯದು ಅಗ್ಗ. ಜೊತೆಗೆ ಮಧ್ಯವರ್ತಿಯ ಭರವಸೆ: “ಕಬ್ಜಾ ಇವತ್ತs ನಿಮ್ದು ಸಾಹೇಬ್ರ, ಕಾಗದ ಆಮ್ಯಾಲ ಆಗ್ತಾವ.” ಈ ಮಾತನ್ನು ನಂಬಿ ದುಡ್ಡು ಹಾಕಬಹುದೇ?

ಪರ

‘ಪೂರ್ತಿ ಕಾಗದ ಇಲ್ಲ’ ಎಂದ ಕೂಡಲೇ ಕಳ್ಳಮಾಲು ಎಂಬಂತೆ ಮೂಗು ಮುರಿಯುವವರು ಹಳ್ಳಿಯ ಉತಾರಗಳನ್ನು (ಪಹಣಿಗಳನ್ನು) ಓದಿದವರಲ್ಲ. ಅಜ್ಜ ತೀರಿಹೋಗಿ ದಶಕಗಳಾದರೂ ಪೌತಿ ಖಾತೆ ಆಗಿರುವುದಿಲ್ಲ. ಅಣ್ಣತಮ್ಮಂದಿರು ಹಿರಿಯರೆದುರು ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡು ಬದು ಹಾಕಿಕೊಂಡಿರುತ್ತಾರೆ. ಸರ್ವೆ ನಂಬರು ಮಾತ್ರ ಒಂದೇ, ಪೋಡಿ ಆಗಿಲ್ಲ. ಮಂಜೂರಾದ ಜಮೀನಿನ ಕಡತ ತಾಲ್ಲೂಕು ಕಚೇರಿಯಲ್ಲಿ ಸಿಗುತ್ತಿಲ್ಲ. ಇವರೆಲ್ಲ ಮೋಸಗಾರರೇ? ನಾಲ್ಕು ತಲೆಮಾರಿನಿಂದ ಉಳುತ್ತಿರುವವನ ಕಾಗದ ಸರಿಯಿಲ್ಲದಿದ್ದರೆ ಆ ತಪ್ಪು ಉಳುವವನದಲ್ಲ, ಕಚೇರಿಯದು.

ಈ ಉತ್ತರ ಕನ್ನಡ ಜಿಲ್ಲೆಯ ಭೂಮಿಯ ಚರಿತ್ರೆಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ದಿನಕರ ದೇಸಾಯರ ರೈತಕೂಟ ಗೇಣಿದಾರರನ್ನು ಸಂಘಟಿಸಿದಾಗ ಅವರ ಕೈಯಲ್ಲಿ ಯಾವ ಪಟ್ಟಾ ಇತ್ತು? 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟ ಗೇಣಿದಾರರು ಒಡೆಯರಾದರು. ಆಮೇಲೆ ಬಗರ್ ಹುಕುಂ ಸಾಗುವಳಿಗೆ ನಮೂನೆ 50 ಬಂತು, 53 ಬಂತು, 2018ರ ಹೊತ್ತಿಗೆ 57 ಬಂತು. ಇಲ್ಲಿ ನೇಗಿಲು ಮೊದಲು, ಕಾಗದ ಆಮೇಲೆ. ಮಧ್ಯವರ್ತಿಯ ಮಾತು ಪೂರ್ತಿ ಸುಳ್ಳೇನಲ್ಲ.

ಮುಂಡಗೋಡದ ಟಿಬೆಟನ್ ಕಾಲೊನಿಯನ್ನೇ ನೋಡಿ. 1966ರಲ್ಲಿ ಕಾಡು ಕಡಿದು ನೆಲೆ ಕೊಟ್ಟ ಭೂಮಿ ಅದು. ಒಡೆತನ ಇವತ್ತಿಗೂ ಸರ್ಕಾರದ್ದೇ. ಆದರೂ ಗಾಂದೆನ್, ದ್ರೆಪುಂಗ್‌ನಂಥ ಮಹಾವಿಹಾರಗಳು ಅಲ್ಲಿ ಎದ್ದು ನಿಂತಿವೆ, ಗೋವಿನಜೋಳ ಬೆಳೆಯುತ್ತಿದೆ. ಮಾಲ್ಕಿ ಇಲ್ಲದೆ ಬದುಕು ಕಟ್ಟಲಾಗದು ಎನ್ನುವವರು ಅಲ್ಲಿಗೆ ಒಂದು ಸಲ ಹೋಗಿಬರಲಿ.

ಮಾರುವವನ ಕಡೆಯಿಂದಲೂ ಯೋಚಿಸಬೇಕು. ಮನೆಯಲ್ಲಿ ಆಸ್ಪತ್ರೆಯ ಖರ್ಚು ಬಿದ್ದಾಗ ಅವನಲ್ಲಿರುವ ಆಸ್ತಿ ಆ ಹೊಲ ಒಂದೇ. ಕಾಗದ ಸರಿಯಿಲ್ಲವೆಂದು ಬ್ಯಾಂಕು ಸಾಲ ಕೊಡದು. ಪೆರು ದೇಶದ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ 2000ದಲ್ಲಿ ಬರೆದ ಪುಸ್ತಕದಲ್ಲಿ ಇಂಥದ್ದನ್ನೇ ಸತ್ತ ಬಂಡವಾಳ ಎಂದ: ಬಡವರ ಕೈಯಲ್ಲಿ ನೆಲವಿದೆ, ಅದನ್ನು ದುಡಿಸುವ ಕಾಗದವಿಲ್ಲ. ಕೊಳ್ಳುವವರೂ ಬೇಡವೆಂದರೆ ಆ ಮನುಷ್ಯ ಎಲ್ಲಿಗೆ ಹೋಗಬೇಕು?

ಇನ್ನು ‘ಪೂರ್ತಿ ಕಾಗದ’ ಎಂಬುದೇ ನಮ್ಮ ದೇಶದಲ್ಲಿ ಅರ್ಧ ಸತ್ಯ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಿಂದ ಭೂಮಿಯ ಒಡೆತನಕ್ಕೆ ಸರ್ಕಾರವೇ ಖಾತ್ರಿ ಕೊಡುತ್ತದೆ. ನಮ್ಮ ಉಪನೋಂದಣಿ ಕಚೇರಿ ನೋಂದಾಯಿಸುವುದು ಪತ್ರವನ್ನು, ಒಡೆತನವನ್ನಲ್ಲ. ಉತಾರದ ನಮೂದೂ ಅಷ್ಟೇ: ತಪ್ಪೆಂದು ಸಾಬೀತಾಗುವವರೆಗೆ ಸರಿ. ಹಾಗಿರುವಾಗ ಚೊಕ್ಕ ಕಾಗದ ನೋಡಿ ಕೊಂಡವನೂ ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪಿಲ್ಲ. ಅಪಾಯ ಎಲ್ಲರಿಗೂ ಇದೆ, ಕಬ್ಜಾ ಕೊಳ್ಳುವವನು ಅದನ್ನು ಬೆಲೆಯಲ್ಲೇ ಕಳೆದುಕೊಂಡು ಕೊಳ್ಳುತ್ತಾನೆ. ಅರ್ಧ ದುಡ್ಡು ಈಗ, ಉಳಿದದ್ದು ಖಾತೆ ಆದ ಮೇಲೆ ಎಂದು ಮಾತಾಡಿಕೊಂಡರೆ ಇಬ್ಬರಿಗೂ ನಷ್ಟವಿಲ್ಲ. ಅರಣ್ಯದ ಜಾಗ ಬೇಡ, ಅದನ್ನು ನಾನೂ ಒಪ್ಪುತ್ತೇನೆ. ಮಿಕ್ಕದ್ದಕ್ಕೆ ಹೆದರಿ ಕೂತರೆ ನೆಲ ಯಾವಾಗಲೂ ಹಣವಂತರದ್ದೇ ಆಗುತ್ತದೆ.

ವಿರೋಧ

ಎದುರು ವಾದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ದಾಟಿಸಿದ ‘ಅರಣ್ಯದ ಜಾಗ ಬೇಡ’ ಎಂಬ ಮಾತಿನಲ್ಲೇ ಇಡೀ ಪ್ರಶ್ನೆ ಕೂತಿದೆ. ಉತ್ತರ ಕನ್ನಡದ ಸುಮಾರು ಮುಕ್ಕಾಲು ಭಾಗ ಕಾಡು. ಮುಂಡಗೋಡ, ಹಳಿಯಾಳ, ಜೋಯಿಡಾದಲ್ಲಿ ‘ಕಬ್ಜಾ ಇದೆ, ಕಾಗದ ಇಲ್ಲ’ ಎಂದು ಮಾರಾಟಕ್ಕೆ ಬರುವ ಜಾಗದಲ್ಲಿ ಹೆಚ್ಚಿನದು ಅತಿಕ್ರಮಣದ್ದೇ. ಮಾರುವವನು ಅದನ್ನು ಹಾಗೆಂದು ಹೇಳುವುದಿಲ್ಲ. “ಜಿಪಿಎಸ್ ಆಗೇತ್ರಿ” ಎನ್ನುತ್ತಾನೆ. ಅರಣ್ಯ ಹಕ್ಕು ಅರ್ಜಿಗಾಗಿ ಅಳತೆಯಾಗಿದೆ ಎಂದಷ್ಟೇ ಅದರರ್ಥ. ಹಕ್ಕು ಸಿಕ್ಕಿದೆ ಎಂದಲ್ಲ.

ಸಿಕ್ಕಿದರೂ ಕೊಳ್ಳುವವನಿಗೆ ಪ್ರಯೋಜನವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 4(4)ನೇ ಕಲಮು ಸ್ಪಷ್ಟವಾಗಿದೆ: ಆ ಹಕ್ಕು ಮಕ್ಕಳಿಗೆ ಹೋಗಬಹುದು, ಮಾರಲು ಅಥವಾ ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ. ಬುಡಕಟ್ಟಿನವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ಇದ್ದಿರಬೇಕು. ಇತರ ಪಾರಂಪರಿಕ ಅರಣ್ಯವಾಸಿಗಳಾದರೆ ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿನ ಕಾಡನ್ನೇ ನಂಬಿ ಬದುಕಿರಬೇಕು. ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದರಿಂದ ಅವರಿಗೆ ಮೊದಲ ದಾರಿ ಇದೆ. ಗೌಳಿಗರು 75 ವರ್ಷದ ಸಾಕ್ಷ್ಯ ಹುಡುಕುತ್ತ ಅಲೆಯುತ್ತಾರೆ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಂದು ಹೋದ ವರ್ಷ ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡವರಿಗೆ ಈ ಎರಡರಲ್ಲಿ ಯಾವ ದಾರಿಯೂ ಇಲ್ಲ.

ಇದರಲ್ಲಿ ಹೆಚ್ಚು ಕೆಡುವವನು ಮಾರಿದವನೇ. ಜೀವನೋಪಾಯಕ್ಕೆ ಈ ನೆಲವೇ ಗತಿ ಎಂದು ಅರ್ಜಿ ಕೊಟ್ಟವನು ಅದನ್ನು ಪರರಿಗೆ ಬಿಟ್ಟುಕೊಟ್ಟರೆ ತನ್ನ ಅರ್ಜಿಯ ಬುಡವನ್ನು ತಾನೇ ಕಡಿದಂತೆ. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸಲು ಆದೇಶಿಸಿ, 28ರಂದು ಅದನ್ನು ತಾನೇ ತಡೆಹಿಡಿಯಿತು. ಆ ಹದಿನೈದು ದಿನ ಈ ಭಾಗದ ಅತಿಕ್ರಮಣದಾರರ ಮನೆಗಳಲ್ಲಿ ಎಂಥ ಆತಂಕವಿದ್ದಿರಬೇಕು ಊಹಿಸಿ. ಅಂಥವರ ಕೈಯಿಂದ ಅಗ್ಗದಲ್ಲಿ ಜಾಗ ತೆಗೆದುಕೊಂಡು ‘ಬಡವನಿಗೆ ನೆರವಾದೆ’ ಎನ್ನುವುದು ನನಗೆ ರುಚಿಸುವುದಿಲ್ಲ.

ಕಂದಾಯ ಜಮೀನಿನ ಮಾತಿಗೆ ಬರೋಣ. 1974ರ ಉದಾಹರಣೆ ಚೆನ್ನಾಗಿದೆ, ಆದರೆ ಅದು ಉಳುವವನ ಪರವಾದ ಕಾನೂನು. ಉಳುವವನಿಂದ ಕೊಂಡವನ ಪರವಾದದ್ದಲ್ಲ. ನಮೂನೆ 57ಕ್ಕೂ 2005ರ ಜನವರಿ 1ಕ್ಕೆ ಮೊದಲಿನ ಸಾಗುವಳಿ ಬೇಕು. ಇವತ್ತು ಕೊಂಡವನು ಆ ದಿನಾಂಕವನ್ನು ಎಲ್ಲಿಂದ ತರುತ್ತಾನೆ? ಮಂಜೂರಾದ ಜಮೀನಾದರೆ, ಇಷ್ಟು ವರ್ಷ ಪರಭಾರೆ ಕೂಡದು ಎಂಬ ಷರತ್ತು ಮಂಜೂರಾತಿ ಆದೇಶದಲ್ಲೇ ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಅನುಮತಿ ಇಲ್ಲದ ಮಾರಾಟ ಅಸಿಂಧು, ಜಮೀನು ಮೂಲ ಮಂಜೂರಿದಾರರ ಕುಟುಂಬಕ್ಕೆ ವಾಪಸು. ‘ಬಹಳ ಕಾಲ ಆಯಿತು’ ಎಂಬ ನೆಪ ಕೆಲವು ಪ್ರಕರಣಗಳಲ್ಲಿ ಕೋರ್ಟಿನಲ್ಲಿ ನಡೆದಿತ್ತು. 2023ರ ತಿದ್ದುಪಡಿ, ಕಾಲಮಿತಿ ಇಲ್ಲವೆಂದು ಬರೆದು ಆ ಬಾಗಿಲನ್ನೂ ಮುಚ್ಚಹೊರಟಿತು.

ಪೌತಿ ಖಾತೆಯ ವಿಷಯದಲ್ಲಿ ಎದುರು ವಾದಕ್ಕೆ ಅರ್ಧ ಅಂಕ ಕೊಡುತ್ತೇನೆ. ಅದು ಸರಿಪಡಿಸಬಹುದಾದ ದೋಷ. ಆದರೆ ಸರಿಪಡಿಸಬೇಕಾದದ್ದು ಕೊಳ್ಳುವ ಮೊದಲು. ಅಣ್ಣತಮ್ಮಂದಿರ ಬಾಯಿಮಾತಿನ ಪಾಲಿನಲ್ಲಿ ಅಕ್ಕತಂಗಿಯರು ಎಲ್ಲಿದ್ದರು? ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಪಾಲು ಎಂದು 2005ರ ತಿದ್ದುಪಡಿಯೂ 2020ರ ಸುಪ್ರೀಂ ಕೋರ್ಟ್ ತೀರ್ಪೂ ಹೇಳಿವೆ. ಕಲಘಟಗಿಗೋ ಶಿಗ್ಗಾವಿಗೋ ಮದುವೆಯಾಗಿ ಹೋದ ಮಗಳ ಸಹಿ ಇಲ್ಲದೆ ಕೊಂಡ ಹೊಲಕ್ಕೆ ಅವಳ ಮಗ ಬೆಳೆದು ನಿಂತ ಮೇಲೆ ದಾವೆ ಹೂಡುತ್ತಾನೆ. ಪೋಡಿ ಆಗದ ಸರ್ವೆ ನಂಬರಿನ ತುಂಡು ಕೊಳ್ಳಲು 11ಇ ನಕ್ಷೆ ಬೇಕು, ಅದಿಲ್ಲದೆ ನೋಂದಣಿಯೇ ಆಗದು.

ಈಗ ಬಾಂಡ್ ಪೇಪರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ನೂರು ರೂಪಾಯಿ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯ ನೋಂದಣಿಯಾದ ಪತ್ರದಿಂದಲೇ ಆಗಬೇಕು. ಕ್ರಯದ ಕರಾರು ಅಷ್ಟಕ್ಕೇ ಯಾವ ಹಕ್ಕನ್ನೂ ಕೊಡದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಜಿಪಿಎ, ಕರಾರು, ಮರಣಶಾಸನ ಮೂರನ್ನೂ ಒಟ್ಟಿಗೆ ಬರೆಸಿಕೊಂಡರೆ ಸಾಕೆಂಬ ಜಾಣತನಕ್ಕೆ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೆರೆ ಎಳೆದಿದೆ. ‘ಉಳಿದ ದುಡ್ಡು ಖಾತೆಯಾದ ಮೇಲೆ’ ಎಂಬ ಒಪ್ಪಂದದಲ್ಲಿ ಮೊದಲ ಕಂತು ಹೋದದ್ದು ಹೋದದ್ದೇ. ಉತಾರದ ನಮೂದು ಬರೀ ಊಹೆ ಎಂದರಲ್ಲ, ನಿಜ. ಆ ಊಹೆ ಹೆಸರಿದ್ದವನ ಪರವಾಗಿದೆ. ನಿಮಗೆ ಮಾರುತ್ತಿರುವವನಿಗೆ ಅಷ್ಟೂ ಇಲ್ಲ. ಗುತ್ತಿಗೆಗೆ ಹಿಡಿಯುತ್ತೇನೆ ಎಂದರೆ ಅದೂ ತೊಡಕೇ: ಕರ್ನಾಟಕದಲ್ಲಿ ಕೃಷಿ ಜಮೀನಿನ ಗೇಣಿಗೆ ಕಾನೂನಿನ ನಿಷೇಧವಿದೆ. ಶುಂಠಿಯ ಹೊಲಗಳು ಗುತ್ತಿಗೆಯಲ್ಲಿ ಹೇಗೆ ನಡೆಯುತ್ತಿವೆ ಎಂದು ಕೇಳಬೇಡಿ, ಎಲ್ಲರಿಗೂ ಗೊತ್ತು.

ಟಿಬೆಟನ್ನರ ಮಾತು. ಅವರು ಆ ನೆಲ ಕೊಂಡವರಲ್ಲ. ಸರ್ಕಾರವೇ ಕರೆದು ಕೊಟ್ಟದ್ದು, ಸಮುದಾಯಕ್ಕಾಗಿ ಕೊಟ್ಟದ್ದು. 2014ರ ಪುನರ್ವಸತಿ ನೀತಿ ಇಂಥ ನೆಲೆಗಳಿಗೆ ಲೀಸ್ ಪತ್ರ ಮಾಡಿಕೊಡಬೇಕೆಂದು ರಾಜ್ಯಗಳಿಗೆ ಹೇಳಿತು. ಬಾಂಡ್ ಪೇಪರಿನ ಗಿರಾಕಿಗೆ ಅದು ಮಾದರಿಯಾಗುವುದಿಲ್ಲ.

ಒಂದು ಮಾತು ದುಬೈ, ಡಲ್ಲಾಸಿನಲ್ಲಿರುವ ನಮ್ಮವರಿಗೆ. 2020ರ ತಿದ್ದುಪಡಿ ಕೃಷಿಕರಲ್ಲದವರಿಗೂ ರಾಜ್ಯದಲ್ಲಿ ಕೃಷಿ ಜಮೀನು ಕೊಳ್ಳುವ ದಾರಿ ತೆರೆಯಿತು, ನಿಜ. ಆದರೆ ವಿದೇಶಿ ವಿನಿಮಯದ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಹಾಗಾಗಿ ದುಡ್ಡು ಮಾವನ ಅಥವಾ ಗೆಳೆಯನ ಹೆಸರಿನಲ್ಲಿ ಊರಿಗೆ ಬರುತ್ತದೆ, ಬೇನಾಮಿ ಕಾಯ್ದೆ ಹಿಂದೆಯೇ ಬರುತ್ತದೆ. ಅದರ ಮೇಲೆ ಜಮೀನಿಗೂ ಕಾಗದವಿಲ್ಲವೆಂದರೆ, ಮೋಸವಾದ ದಿನ ದೂರು ಕೊಡಲೂ ಬಾಯಿ ಬರುವುದಿಲ್ಲ.

ನನ್ನ ತೀರ್ಮಾನ: ಕೊಳ್ಳಬಾರದು. ಹಳ್ಳಿಯಲ್ಲಿ ನೆಲ ಬೇಕೇಬೇಕೆಂದರೆ ಸಂಚಕಾರ ಕೊಡುವ ಮೊದಲು ಹಳೆಯ ಕೈಬರಹದ ಉತಾರಗಳನ್ನೂ ಋಣಭಾರ ಪತ್ರವನ್ನೂ ತೆಗೆಸಿ, ಮಂಜೂರಾತಿಯ ಮೂಲ ಆದೇಶ ಓದಿಸಿ, ಆ ಸರ್ವೆ ನಂಬರು ಅರಣ್ಯದಲ್ಲಿದೆಯೇ, ಪಕ್ಷಿಧಾಮದ ಸೂಕ್ಷ್ಮ ವಲಯದಲ್ಲಿದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಬರಹದಲ್ಲಿ ಕೇಳಿ. ಉತಾರದ 9ನೇ ಕಾಲಮಿನಲ್ಲಿ ಮಾರುವವನ ಹೆಸರಿಲ್ಲದಿದ್ದರೆ ಚಹಾ ಕುಡಿದು ಎದ್ದು ಬನ್ನಿ.