ನಮ್ಮ ಅಂಗಳದ ನೀರು ಯಾರ ಮನೆಗೆ?

ಮಠದ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದರೆ, ಕಲ್ಯಾಣಮಂಟಪದ ಸುತ್ತ ಕಾಂಕ್ರೀಟ್ ಹಾಕಿಸಿದರೆ ನಮಗದು ಅಭಿವೃದ್ಧಿಯ ಸುದ್ದಿ. ದಾನಿಗಳ ಹೆಸರಿನ ಕಲ್ಲೂ ನಿಲ್ಲುತ್ತದೆ. ಸರ್ಕಾರಿ ಇಂಜಿನಿಯರಾಗಿ ಸೇವೆ ಮುಗಿಸಿದ ನನಗೆ ಅಂಥ ಅಂಗಳ ಕಂಡಾಗ ಏಳುವುದು ಒಂದೇ ಪ್ರಶ್ನೆ: ಇಲ್ಲಿ ಬಿದ್ದ ಮಳೆ ಯಾರ ಮನೆಗೆ ಹೋಗುತ್ತದೆ?

ಲೆಕ್ಕ ಸರಳ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆಯೆಂದರೆ 1 ಲೀಟರ್ ನೀರು. 1,000 ಚದರ ಮೀಟರಿನ ಅಂಗಳದಲ್ಲಿ 50 ಮಿ.ಮೀ. ಸುರಿದರೆ 50,000 ಲೀಟರ್. ಹುಲ್ಲು, ಗಿಡ ಇರುವ ಸಡಿಲ ಮಣ್ಣು ಅದರಲ್ಲಿ ದೊಡ್ಡ ಪಾಲನ್ನು ಕುಡಿದು ಉಳಿದದ್ದನ್ನು ನಿಧಾನವಾಗಿ ಬಿಡುತ್ತದೆ. ಕಾಂಕ್ರೀಟಿನಿಂದ ಹೆಚ್ಚುಕಡಿಮೆ ಅಷ್ಟೂ ನೀರು ಕೂಡಲೇ ಚರಂಡಿ ಸೇರುತ್ತದೆ. ಎಲ್ಲ ಅಂಗಳಗಳದೂ ಒಂದೇ ಹೊತ್ತಿಗೆ ಬಂದರೆ ಚರಂಡಿ ಉಕ್ಕದೆ ಇನ್ನೇನಾದೀತು? 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರಿನ ಬಂಗಲೆಗಳಿಗೆ ನೀರು ನುಗ್ಗಿ, ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದು ದೊಡ್ಡ ಸುದ್ದಿಯಾಯಿತು. ತಗ್ಗಿನಲ್ಲಿ ಶೀಟಿನ ಮನೆ ಕಟ್ಟಿಕೊಂಡವರ ಪಾಡು ಹಾಗೆ ಸುದ್ದಿಯಾಗುವುದಿಲ್ಲ.

ಚರಂಡಿ ಅಗಲ ಮಾಡಿದರೆ ನೀರು ಮುಂದಿನ ಓಣಿಗೆ ಬೇಗ ತಲುಪುತ್ತದೆ, ಅಷ್ಟೇ. ಹಿಂದೆ ಒಂದು ಕೆರೆಯ ಕೋಡಿ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ನಡುನಡುವೆ ನಿಲ್ಲಲು ಜಾಗವಿತ್ತು. ಧರ್ಮಾಂಬುಧಿ ಕೆರೆ ಈಗ ಕೆಂಪೇಗೌಡ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಅವು ಮರಳಲಾರವು. ಆದರೆ ಅಂಗಳಕ್ಕೊಂದು ತಗ್ಗು ಸಾಧ್ಯ.

ಕಟ್ಟಡದ ಪಾಯದಿಂದ ಹತ್ತು ಅಡಿಯಾದರೂ ದೂರ, ನೀರು ತಾನಾಗಿ ಬಂದು ಸೇರುವ ಕಡೆ, ಮುಕ್ಕಾಲು ಅಡಿ ಆಳಕ್ಕೆ ಅಗಲವಾದ ತಗ್ಗು ತೆಗೆಯಿರಿ. ಮಣ್ಣಿಗೆ ಮರಳು, ಗೊಬ್ಬರ ಬೆರೆಸಿ. ಬಿಸಿಲನ್ನೂ ನಿಂತ ನೀರನ್ನೂ ತಾಳುವ ಲಾವಂಚದಂಥ ಗಿಡ ನೆಡಿ. ಹೆಚ್ಚಾದ ನೀರಿಗೆ ಕೋಡಿ ಬಿಡಿ; ಬಚ್ಚಲ ನೀರು ಮಾತ್ರ ಸೇರಕೂಡದು. ಒಂದೆರಡು ದಿನದೊಳಗೆ ಇಂಗಿದರೆ ಸೊಳ್ಳೆಯ ಭಯವಿಲ್ಲ. ಛಾವಣಿಯ ನೀರಿಗೆ ಇಂಗುಬಾವಿ ತೋಡಿಸಿ. ಮಣ್ಣು ವಡ್ಡರು ಬೆಂಗಳೂರಿನಲ್ಲಿ ಇಂದಿಗೂ ಈ ಕಾಯಕ ಮಾಡುತ್ತಿದ್ದಾರೆ, ಅಂಥವರಿಗೆ ಕೆಲಸ ಕೊಡಿ. ಎರೆಮಣ್ಣಿನ ಊರುಗಳಲ್ಲಿ ಇಂಗುವುದು ನಿಧಾನ. ಅಲ್ಲಿ ತೊಟ್ಟಿ ಕಟ್ಟುವುದೇ ಮೇಲು.

ಜಾತ್ರೆಯಲ್ಲಿ ಕೆಸರಾಗುತ್ತದೆ ಎಂಬ ವ್ಯವಸ್ಥಾಪಕರ ಮಾತು ಸುಳ್ಳಲ್ಲ. ತೇರಿನ ದಾರಿಗೆ, ಪಂಕ್ತಿ ಕೂರುವ ಜಾಗಕ್ಕೆ ಕಲ್ಲು ಹಾಸಿ; ಉಳಿದ ನೆಲ ಮಣ್ಣಾಗಿಯೇ ಇರಲಿ. ಈಗಾಗಲೇ ಎಲ್ಲ ಹಾಸಿಬಿಟ್ಟಿರುವವರು, ನೀರು ಹರಿದು ಹೋಗುವ ಅಂಚಿನಲ್ಲಿ ನಾಲ್ಕು ಸಾಲು ಕಿತ್ತು ತಗ್ಗು ಮಾಡಬಹುದು. ಮುಂಗಾರಿಗೆ ಮುಂಚೆ ಮುಗಿಯುವ ಕೆಲಸವಿದು.