ಸುಳ್ಳು ಲೆಕ್ಕ, ದೊಡ್ಡ ದಾನ

ಹಸಿದವನು ಪರರ ಹೊಲದಲ್ಲಿ ನಾಲ್ಕು ಜೋಳದ ತೆನೆ ಮುರಿದರೆ ಊರೆಲ್ಲ ಕೂಡಿ ಕಳ್ಳನೆಂದು ಹಿಡಿಯುತ್ತದೆ. ಹೊಟ್ಟೆ ತುಂಬಿದವನು ಕಾಗದದ ಮೇಲೆ ಸಾವಿರಾರು ಕೋಟಿಯ ಸುಳ್ಳು ಬರೆದರೆ ಅದು ಕಳವೆಂದು ತಿಳಿಯಲಿಕ್ಕೇ ವರ್ಷಗಳು ಬೇಕು. ಅಲ್ಲಿಯವರೆಗೆ ಸಮಾಜ ಅವನಿಗೆ ಶಾಲು ಹೊದಿಸುತ್ತಿರುತ್ತದೆ.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಕಂಪನಿಯ ಹಗರಣ ಹಿರಿಯರಿಗೆ ನೆನಪಿರಬಹುದು. 1987ರಲ್ಲಿ ಹುಟ್ಟಿ ದೇಶವಿದೇಶದಲ್ಲಿ ಹೆಸರು ಮಾಡಿದ ಸಂಸ್ಥೆ ಅದು. 2009ರ ಜನವರಿ 7ರಂದು ಅದರ ಅಧ್ಯಕ್ಷರಾದ ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಅದೇ ದಿನ ಷೇರಿನ ಬೆಲೆ ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿಯಿತು.

ನಡೆದದ್ದು ಹೀಗೆ. ಮೊದಲು ಬಂದ ಲಾಭಕ್ಕಿಂತ ತುಸು ಹೆಚ್ಚು ತೋರಿಸಿದರು. ಆ ಸುಳ್ಳನ್ನು ಉಳಿಸಲು ಮರುವರ್ಷ ಇನ್ನೂ ದೊಡ್ಡ ಸುಳ್ಳು ಬೇಕಾಯಿತು. ಮಾಡದ ಕೆಲಸಕ್ಕೆ ಬಿಲ್ಲು, ಬ್ಯಾಂಕಿನಲ್ಲಿಲ್ಲದ ಹಣಕ್ಕೆ ಠೇವಣಿ ರಸೀದಿ ಹುಟ್ಟಿದವು. ಕಣದಲ್ಲಿ ಹೊಟ್ಟಿನ ಗುಡ್ಡೆಯ ಮೇಲೆ ಒಂದು ಪದರ ಕಾಳು ಹರಡಿ ರಾಶಿಯೆಂದು ತೋರಿಸಿದಂತೆ. ಕೊನೆಗೆ 2008ರ ಡಿಸೆಂಬರಿನಲ್ಲಿ ತಮ್ಮ ಮನೆತನದ ಮೇಟಾಸ್ ಕಂಪನಿಗಳನ್ನೇ ಸತ್ಯಂ ಕೊಳ್ಳುವಂತೆ ಮಾಡಿ, ಇಲ್ಲದ ಹಣದ ಜಾಗದಲ್ಲಿ ನಿಜವಾದ ಆಸ್ತಿ ತುಂಬಲು ಹೊರಟರು. (ಸತ್ಯಂ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತಿರುವಿ ಓದಿದರೆ ಮೇಟಾಸ್!) ಷೇರುದಾರರು ತಿರುಗಿಬಿದ್ದುದರಿಂದ ಅದೂ ಕೈಗೂಡಲಿಲ್ಲ. ಅಷ್ಟು ವರ್ಷ ಹೆಸರಾಂತ ಲೆಕ್ಕಪರಿಶೋಧಕರು ಸಹಿ ಹಾಕಿದ್ದರು. 2008ರಲ್ಲಿ ಉತ್ತಮ ಆಡಳಿತದ ಪ್ರಶಸ್ತಿಯೂ ಬಂದಿತ್ತು.

ನಮ್ಮನ್ನು ಕಾಡುವುದು ಬೇರೊಂದು ಮಾತು. ಇಂದು ಹಳ್ಳಿಹಳ್ಳಿಗೆ ಓಡಿ ಬರುವ 108 ಆಂಬುಲೆನ್ಸ್ ಸೇವೆಯನ್ನು 2005ರಲ್ಲಿ ಆಂಧ್ರದಲ್ಲಿ ಆರಂಭಿಸಿದವರೂ ಇದೇ ರಾಜು. 2008ರಲ್ಲಿ ಅದು ನಮ್ಮ ನಾಡಿಗೂ ಬಂತು. ಎಷ್ಟೋ ಬಾಣಂತಿಯರ, ಹಾವು ಕಡಿದವರ ಜೀವ ಉಳಿಯಿತು. ಹಾಗಾದರೆ ಇವರು ದುಷ್ಟರೋ ಧರ್ಮಿಷ್ಠರೋ ಎಂದು ಭಕ್ತರು ಕೇಳಬಹುದು. ಆ ಪುಣ್ಯ ಸುಳ್ಳಲ್ಲ. ಆದರೆ ಅದು ಈ ಬಾಕಿಯಲ್ಲಿ ವಜಾ ಆಗುವುದಿಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬಾ ಎಂದು ಕಳಿಸಿದಳು. ಅದು ದಾಸೋಹಕ್ಕೆಂದೇ ತಂದ ಅಕ್ಕಿ! ಮಠಕ್ಕೆ ದೊಡ್ಡ ಕಾಣಿಕೆ ತರುವವರನ್ನು ನಾವು ಅದರ ಮೂಲ ಕೇಳುತ್ತೇವೆ; ಕೆಲವರು ಮುನಿಸಿಕೊಂಡು ಹೋದದ್ದೂ ಉಂಟು.

ಇಂಥ ಅಪರಾಧಿಗಳಿಗೆ ಹಸಿವಿಲ್ಲ, ಇರುವುದು ಅಂಜಿಕೆ. ತಮ್ಮ ದೊಡ್ಡಸ್ತಿಕೆ ಒಂದು ವರ್ಷವೂ ಕುಗ್ಗಬಾರದೆಂಬ ಅಂಜಿಕೆ.

2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ ಹತ್ತು ಮಂದಿಯನ್ನು ತಪ್ಪಿತಸ್ಥರೆಂದು ಸಾರಿ, ಏಳು ವರ್ಷದ ಸೆರೆವಾಸ ವಿಧಿಸಿತು. ಮೇಲ್ಮನವಿ ಸಲ್ಲಿಸಿ ಮೇ ತಿಂಗಳಲ್ಲಿ ಜಾಮೀನು ಪಡೆದರು. ಕಂಪನಿಯನ್ನು 2009ರಲ್ಲೇ ಟೆಕ್ ಮಹೀಂದ್ರಾ ಕೊಂಡದ್ದರಿಂದ ದುಡಿಯುವವರಿಗೆ ನೆಲೆ ಸಿಕ್ಕಿತು. ಜನವರಿಯ ಆ ದಿನ ಗಾಬರಿಯಾಗಿ ಸಿಕ್ಕ ಬೆಲೆಗೆ ಷೇರು ಮಾರಿದ ಸಂಸಾರಸ್ಥನಿಗೆ ಆ ಸೆರೆವಾಸದಿಂದಲೂ ಈ ಜಾಮೀನಿನಿಂದಲೂ ಮರಳಿ ಬಂದದ್ದೇನೂ ಇಲ್ಲ.